ಡ್ಯಾಶ್‌ಬೋರ್ಡ್ ತೆರೆಯುವ ಮೊದಲು ಪ್ರಶ್ನೆ ಬರೆದುಕೊಳ್ಳಿ: ಕಚೇರಿಯ ಬಿಐ ವ್ಯವಸ್ಥೆಯನ್ನು ಬಳಸುವ ಬಗೆ

ಕಚೇರಿಗೆ ಹೊಸದಾಗಿ ಬಿಸಿನೆಸ್ ಇಂಟೆಲಿಜೆನ್ಸ್ (ಬಿಐ), ಅಂದರೆ ಕಚೇರಿಯ ದಾಖಲೆಗಳನ್ನು ಒಟ್ಟುಗೂಡಿಸಿ ಚಾರ್ಟು, ಕೋಷ್ಟಕಗಳಾಗಿ ತೋರಿಸುವ ವ್ಯವಸ್ಥೆ ಬಂತೆಂದರೆ ನೌಕರರಿಗೆ ಸಿಗುವುದು ಒಂದು ಲಾಗಿನ್ ಮತ್ತು ಅರ್ಧ ದಿನದ ತರಬೇತಿ. ಯಾವ ಗುಂಡಿ ಒತ್ತಿದರೆ ಯಾವ ಚಾರ್ಟ್ ಬರುತ್ತದೆ ಎಂಬುದನ್ನು ಅಲ್ಲಿ ಕಲಿಸುತ್ತಾರೆ. ಬಂದ ಚಾರ್ಟನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ಯಾರೂ ಕಲಿಸುವುದಿಲ್ಲ. ಕೆಲವೇ ವಾರಗಳಲ್ಲಿ ಒಂದಷ್ಟು ಜನ ಸದ್ದಿಲ್ಲದೆ ತಮ್ಮ ಹಳೆಯ ಎಕ್ಸೆಲ್ ಹಾಳೆಗೆ ಮರಳಿರುತ್ತಾರೆ. ಇನ್ನೊಂದಷ್ಟು ಜನ ಪರದೆಯ ಮೇಲೆ ಕಂಡ ಸಂಖ್ಯೆಯನ್ನು ಹಾಗೆಯೇ ಎತ್ತಿಕೊಂಡು ಹೋಗಿ ಸಭೆಯಲ್ಲಿ ಇಡುತ್ತಿರುತ್ತಾರೆ. ನನಗೆ ಹೆಚ್ಚು ಭಯ ಈ ಎರಡನೆಯವರದ್ದೇ.

ಇಂಥ ವರದಿಗಳನ್ನು ಕಟ್ಟುವ ಕಡೆ ಕೆಲವು ವರ್ಷ, ಅವನ್ನು ಓದಿ ಕೆಲಸ ಸಾಗಿಸುವ ಕಡೆ ಕೆಲವು ವರ್ಷ ಕಳೆದಿದ್ದೇನೆ. ಪವರ್ ಬಿಐ, ಟ್ಯಾಬ್ಲೋ, ಕ್ಲಿಕ್, ಲುಕರ್ ಹೀಗೆ ಸಾಧನದ ಹೆಸರು ಏನೇ ಇರಲಿ, ಬಳಸುವವರು ಕಲಿಯಬೇಕಾದ ಅಭ್ಯಾಸಗಳು ಹೆಚ್ಚುಕಡಿಮೆ ಒಂದೇ. ವರದಿ ತಯಾರಿಸುವವರಿಗೆ ಬೇರೆ ಪುಸ್ತಕಗಳಿವೆ. ಇದು ಓದುವವರಿಗೆ.

ಮೊದಲು: ಸಂಖ್ಯೆ ಎಲ್ಲಿಂದ ಬಂತು, ಯಾವಾಗಿನದು

ನೀವು ಬಿಲ್ಲಿಂಗ್ ತಂತ್ರಾಂಶದಲ್ಲಿ ಒಂದು ಆರ್ಡರ್ ದಾಖಲಿಸುತ್ತೀರಿ. ಅದು ಆ ಕ್ಷಣವೇ ಡ್ಯಾಶ್‌ಬೋರ್ಡಿಗೆ, ಅಂದರೆ ಚಾರ್ಟುಗಳನ್ನು ಒಟ್ಟಿಗೆ ತೋರಿಸುವ ಪರದೆಗೆ, ಹಾರಿ ಕೂರುವುದಿಲ್ಲ. ಬಿಲ್ಲಿಂಗ್, ದಾಸ್ತಾನು, ಹಾಜರಾತಿ, ಗ್ರಾಹಕ ಸೇವೆ ಹೀಗೆ ಬೇರೆ ಬೇರೆ ತಂತ್ರಾಂಶಗಳಲ್ಲಿರುವ ದಾಖಲೆಗಳ ಪ್ರತಿಯನ್ನು ನಿಗದಿತ ಹೊತ್ತಿಗೆ, ಹೆಚ್ಚಾಗಿ ರಾತ್ರಿ, ಒಂದು ದತ್ತಾಂಶ ಉಗ್ರಾಣಕ್ಕೆ ಸಾಗಿಸುತ್ತಾರೆ. ಅಲ್ಲಿ ಎರಡೆರಡು ಬಾರಿ ಬಂದ ದಾಖಲೆ, ತಪ್ಪು ದಿನಾಂಕ, ಖಾಲಿ ಹೆಸರುಗಳನ್ನು ಸೋಸುತ್ತಾರೆ. ಸೋಸಿದ್ದರ ಮೇಲೆ ಲೆಕ್ಕದ ಸೂತ್ರಗಳನ್ನು ಕೂರಿಸುತ್ತಾರೆ. ನಿಮ್ಮ ಪರದೆಯ ಮೇಲಿನ ಬಣ್ಣದ ಚಾರ್ಟ್ ಈ ಮೂರು ಮಜಲು ದಾಟಿ ಬಂದದ್ದು.

ಇದನ್ನು ತಿಳಿದಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಬೆಳಿಗ್ಗೆ 11ಕ್ಕೆ ರದ್ದಾದ ಆರ್ಡರ್ ಮಧ್ಯಾಹ್ನದ ಡ್ಯಾಶ್‌ಬೋರ್ಡಿನಲ್ಲಿ ಇನ್ನೂ ಕಾಣುತ್ತಿದ್ದರೆ ವ್ಯವಸ್ಥೆ ಕೆಟ್ಟಿದೆ ಎಂದು ಅರ್ಥವಲ್ಲ, ಮುಂದಿನ ರಿಫ್ರೆಶ್, ಅಂದರೆ ಹೊಸ ದಾಖಲೆಗಳನ್ನು ತಂದುಕೊಳ್ಳುವ ಕೆಲಸ, ಇನ್ನೂ ಆಗಿಲ್ಲ ಅಷ್ಟೇ. ಪವರ್ ಬಿಐನಲ್ಲಿ ದತ್ತಾಂಶವನ್ನು ಒಳಗೆ ತಂದುಕೊಂಡು ಕಟ್ಟಿದ ವರದಿಗೆ ಪ್ರೊ ಪರವಾನಗಿಯಲ್ಲಿ ದಿನಕ್ಕೆ ಹೆಚ್ಚೆಂದರೆ 8 ಬಾರಿ, ಪ್ರೀಮಿಯಂನಲ್ಲಿ 48 ಬಾರಿ ನಿಗದಿತ ರಿಫ್ರೆಶ್ ಇಡಬಹುದು. ಎಷ್ಟೋ ಕಡೆ ದಿನಕ್ಕೆ ಒಂದೇ ಬಾರಿ ಇಟ್ಟಿರುತ್ತಾರೆ, ಅದು ಸಾಕಾಗುತ್ತದೆ ಕೂಡ. ಆದ್ದರಿಂದ ಯಾವ ವರದಿ ತೆರೆದರೂ ಕಣ್ಣು ಮೊದಲು ಹೋಗಬೇಕಾದದ್ದು ‘ಕೊನೆಯ ಬಾರಿ ಪರಿಷ್ಕರಿಸಿದ್ದು’ ಎಂಬ ಸಣ್ಣ ಅಕ್ಷರಗಳ ಕಡೆಗೆ. ಅದು ಎಲ್ಲೂ ಕಾಣದಿದ್ದರೆ ವರದಿ ಮಾಡಿದವರನ್ನು ಕೇಳಿ ಹಾಕಿಸಿಕೊಳ್ಳಿ. ಐದು ನಿಮಿಷದ ಕೆಲಸ, ಯಾರೂ ಇಲ್ಲವೆನ್ನುವುದಿಲ್ಲ.

ಆಮೇಲೆ: ಪ್ರಶ್ನೆಯನ್ನು ಕಾಗದದ ಮೇಲೆ ಬರೆಯಿರಿ

ಹೌದು, ಕಾಗದದ ಮೇಲೆಯೇ. ಪ್ರಶ್ನೆಯಿಲ್ಲದೆ ಡ್ಯಾಶ್‌ಬೋರ್ಡಿಗೆ ಹೋದವರು ಸಂತೆಗೆ ಹೋದವರ ಹಾಗೆ ಸುತ್ತಾಡಿ, ಕಣ್ಣಿಗೆ ಹೊಳೆದದ್ದನ್ನು ಹೊತ್ತು ತರುತ್ತಾರೆ.

‘ಮಾರಾಟ ಹೇಗಿದೆ?’ ಎಂಬುದು ಕುಶಲ ವಿಚಾರಣೆ. ‘ಮುಂದಿನ ವಾರ ಯಾವ ಎರಡು ಶಾಖೆಗಳಿಗೆ ಹೆಚ್ಚುವರಿ ಸರಕು ಕಳುಹಿಸಬೇಕು?’ ಎಂಬುದು ಪ್ರಶ್ನೆ. ಉಗ್ರಾಣ ನೋಡಿಕೊಳ್ಳುವವರಿಗೆ ‘90 ದಿನಗಳಿಂದ ಕದಲದೆ ಬಿದ್ದಿರುವ ಸರಕು ಯಾವುದು?’, ಗ್ರಾಹಕ ಸೇವೆಯ ಮೇಲ್ವಿಚಾರಕರಿಗೆ ‘ದಿನದ ಯಾವ ಹೊತ್ತಿನಲ್ಲಿ ಕರೆಗಳು ತುಂಡಾಗುತ್ತಿವೆ?’, ಲೆಕ್ಕಪತ್ರ ವಿಭಾಗದವರಿಗೆ ‘ಬಾಕಿ ಉಳಿಸಿಕೊಂಡವರಲ್ಲಿ ಈ ತಿಂಗಳು ಹೊಸಬರು ಯಾರು?’ ಇಂಥವು ಕೆಲಸಕ್ಕೆ ಬರುವ ಪ್ರಶ್ನೆಗಳು.

ಪ್ರಶ್ನೆಯ ಕೆಳಗೆ ಇನ್ನೊಂದು ಸಾಲು ಸೇರಿಸಿ: ಸಂಖ್ಯೆ ಇಷ್ಟಕ್ಕಿಂತ ಹೆಚ್ಚಿದ್ದರೆ ಏನು ಮಾಡುತ್ತೇನೆ, ಕಡಿಮೆಯಿದ್ದರೆ ಏನು ಮಾಡುತ್ತೇನೆ. ಎರಡಕ್ಕೂ ಒಂದೇ ಉತ್ತರ ಬಂದರೆ ಆ ವರದಿಯನ್ನು ತೆರೆಯುವ ಅಗತ್ಯವೇ ಇಲ್ಲ. ಹೀಗೆ ಎಷ್ಟು ವರದಿಗಳು ಉದುರಿಹೋಗುತ್ತವೆ ಎಂಬುದನ್ನು ನೀವೇ ಮಾಡಿ ನೋಡಬೇಕು.

ಪದದ ಅರ್ಥ ಕೇಳಲು ನಾಚಿಕೊಳ್ಳಬೇಡಿ

ಮಾರಾಟ ವಿಭಾಗದವರು ‘ಈ ತಿಂಗಳ ಮಾರಾಟ’ ಎಂದಾಗ ಅವರ ಮನಸ್ಸಿನಲ್ಲಿರುವುದು ಆರ್ಡರ್ ಬಂದ ದಿನ. ಲೆಕ್ಕಪತ್ರದವರಿಗೆ ಬಿಲ್ ಆದ ದಿನ. ನಗದು ನೋಡಿಕೊಳ್ಳುವವರಿಗೆ ಹಣ ಕೈಗೆ ಬಂದ ದಿನ. ಮೂವರ ಸಂಖ್ಯೆಯೂ ಸರಿ, ಮೂರೂ ಬೇರೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಸಭೆಗಳಲ್ಲಿ ಬಹಳಷ್ಟರ ಮೂಲ ಇದೇ. ವಾಪಸು ಬಂದ ಸರಕನ್ನು ಕಳೆದಿದ್ದಾರೋ ಇಲ್ಲವೋ, ತೆರಿಗೆ ಸೇರಿದೆಯೋ ಇಲ್ಲವೋ, ‘ಸಕ್ರಿಯ ಗ್ರಾಹಕ’ ಎಂದರೆ ಕಳೆದ 30 ದಿನಗಳಲ್ಲಿ ಕೊಂಡವರೋ ಅಥವಾ ಬರೀ ಲಾಗಿನ್ ಆದವರೋ ಎಂಬುದನ್ನೆಲ್ಲ ಕೇಳಿಯೇ ತಿಳಿಯಬೇಕು, ಊಹಿಸಬಾರದು.

ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ನೀವು ದಿನಾ ಬಳಸುವ ಹತ್ತು ಅಳತೆಗಳನ್ನು ಬರೆದು, ಪ್ರತಿಯೊಂದರ ಮುಂದೆ ಒಂದೇ ಸಾಲಿನಲ್ಲಿ ಅದರ ಅರ್ಥ, ಅರ್ಥ ಹೇಳಿದವರು, ಹೇಳಿದ ದಿನಾಂಕ ಇಷ್ಟನ್ನು ಬರೆಯಿರಿ. ದಿನಾಂಕ ಏಕೆಂದರೆ ಸೂತ್ರಗಳು ಬದಲಾಗುತ್ತಿರುತ್ತವೆ, ಬದಲಾದ ಸುದ್ದಿ ನಿಮಗೆ ತಲುಪುವ ಖಾತರಿಯಿಲ್ಲ.

ಫಿಲ್ಟರ್: ನನ್ನ ಮಾನ ಹೋದ ಜಾಗ

ಒಮ್ಮೆ ತ್ರೈಮಾಸಿಕ ಸಭೆಯಲ್ಲಿ ನಾನು ಆತ್ಮವಿಶ್ವಾಸದಿಂದ ಒಂದು ಸಂಖ್ಯೆ ಹೇಳಿದೆ. ಮೇಜಿನ ಆಚೆ ಬದಿಯಲ್ಲಿದ್ದವರು ಅದರ ಸುಮಾರು ಎರಡರಷ್ಟು ಹೇಳಿದರು. ಇಬ್ಬರೂ ಒಂದೇ ಡ್ಯಾಶ್‌ಬೋರ್ಡ್ ನೋಡಿ ಬಂದಿದ್ದೆವು. ಹದಿನೈದು ನಿಮಿಷ ವಾದ ನಡೆದ ಮೇಲೆ ಗೊತ್ತಾಯಿತು: ನಾಲ್ಕು ದಿನಗಳ ಹಿಂದೆ ಬೇರೇನೋ ಹುಡುಕುವಾಗ ನಾನು ಫಿಲ್ಟರ್‌ನಲ್ಲಿ ಒಂದೇ ಉತ್ಪನ್ನ ವರ್ಗ ಕಾಣುವಂತೆ ಆರಿಸಿದ್ದೆ, ಆ ಆಯ್ಕೆ ಹಾಗೆಯೇ ಉಳಿದಿತ್ತು. ಬಲಗಡೆಯ ಫಲಕ ಮುಚ್ಚಿದ್ದರಿಂದ ಅದು ನನಗೆ ಕಂಡಿರಲಿಲ್ಲ. ತಪ್ಪು ನನ್ನದೇ. ಆದರೂ ಆ ಮಧ್ಯಾಹ್ನವೆಲ್ಲ ಆ ಫಲಕವನ್ನು ಶಪಿಸಿದೆ.

ಪವರ್ ಬಿಐ ನೀವು ಕೊನೆಯ ಬಾರಿ ಹಾಕಿದ ಫಿಲ್ಟರ್‌ಗಳನ್ನು ನೆನಪಿಟ್ಟುಕೊಂಡು ಮುಂದಿನ ಬಾರಿ ಅವುಗಳೊಂದಿಗೇ ವರದಿ ತೆರೆಯುತ್ತದೆ. ಮೂಲ ಸ್ಥಿತಿಗೆ ಮರಳಿಸುವ ಗುಂಡಿ ಮೇಲ್ಪಟ್ಟಿಯಲ್ಲಿರುತ್ತದೆ. ಟ್ಯಾಬ್ಲೋದಲ್ಲೂ ಬದಲಾವಣೆಗಳನ್ನು ಹಿಂತೆಗೆಯುವ ಗುಂಡಿ ಇದೆ. ಸಭೆಗೆ ಸಂಖ್ಯೆ ಒಯ್ಯುವಾಗ ಈ ಕ್ರಮ ಪಾಲಿಸಿ:

1. ವರದಿಯನ್ನು ಮೂಲ ಸ್ಥಿತಿಗೆ ತನ್ನಿ.
2. ನಿಮಗೆ ಬೇಕಾದ ಫಿಲ್ಟರ್‌ಗಳನ್ನು ಒಂದೊಂದಾಗಿ ಹಾಕಿ. ಹಾಕುವಾಗ ಮೊತ್ತ ಹೇಗೆ ಇಳಿಯುತ್ತದೆ ನೋಡುತ್ತಾ ಹೋಗಿ.
3. ಅದೇ ನೋಟ ಮತ್ತೆ ಮತ್ತೆ ಬೇಕಿದ್ದರೆ ಬುಕ್‌ಮಾರ್ಕ್ ಮಾಡಿ, ‘ಉತ್ತರ ವಿಭಾಗ, ವಾಪಸಾತಿ ಕಳೆದು’ ಎಂಬಂತೆ ಅರ್ಥವಾಗುವ ಹೆಸರಿಡಿ.
4. ಸಂಖ್ಯೆಯ ಪಕ್ಕದಲ್ಲಿ ಫಿಲ್ಟರ್‌ಗಳನ್ನೂ ರಿಫ್ರೆಶ್ ಆದ ಹೊತ್ತನ್ನೂ ಬರೆದುಕೊಂಡು ಹೋಗಿ.

ಫಿಲ್ಟರ್ ಎಲ್ಲ ಸರಿಯಾಗಿದ್ದೂ ಇಬ್ಬರಿಗೆ ಎರಡು ಸಂಖ್ಯೆ ಕಂಡರೆ? ಸಾಲು ಮಟ್ಟದ ಭದ್ರತೆ ಎಂಬ ವ್ಯವಸ್ಥೆಯಿರುತ್ತದೆ. ಶಾಖೆಯ ವ್ಯವಸ್ಥಾಪಕರಿಗೆ ಅವರ ಶಾಖೆಯ ದಾಖಲೆಗಳು ಮಾತ್ರ, ವಲಯದ ಮುಖ್ಯಸ್ಥರಿಗೆ ಇಡೀ ವಲಯದವು ಕಾಣುವಂತೆ ಲಾಗಿನ್ ನೋಡಿ ಬೇಲಿ ಹಾಕಿರುತ್ತಾರೆ. ಪರದೆಯ ಮೇಲೆ ಶೀರ್ಷಿಕೆ ಮಾತ್ರ ‘ಒಟ್ಟು ಮಾರಾಟ’ ಎಂದೇ ಇರುತ್ತದೆ. ‘ಒಟ್ಟು’ ಎಂದರೆ ಯಾರ ಒಟ್ಟು ಎಂದು ಒಮ್ಮೆ ಕೇಳಿಕೊಂಡುಬಿಡಿ.

ಓದುವಾಗ ಎಡವುವ ಜಾಗಗಳು

ನಿಜವಾದ ಕೌಶಲ ಬೇಕಾಗುವುದು ಇಲ್ಲಿ. ಗಣಿತ ಏಳನೆಯ ತರಗತಿಯದೇ. ಎಚ್ಚರ ಮಾತ್ರ ಬೇರೆ ಬಗೆಯದು.

ಅತಿ ಸಾಮಾನ್ಯ ಎಡವಟ್ಟು ಮುಗಿಯದ ತಿಂಗಳಿನದು. ತಿಂಗಳವಾರು ಸ್ತಂಭಾಲೇಖದಲ್ಲಿ ಕೊನೆಯ ಕಂಬ ಕುಳ್ಳಗಿದ್ದರೆ ಎದೆ ಧಸಕ್ಕೆನ್ನುತ್ತದೆ. ಇವತ್ತು ತಾರೀಕು 12 ಎಂಬುದು ಆಮೇಲೆ ನೆನಪಾಗುತ್ತದೆ. ಹೋಲಿಸುವುದಿದ್ದರೆ ಹಿಂದಿನ ತಿಂಗಳ ಮೊದಲ 12 ದಿನಗಳ ಜೊತೆ ಹೋಲಿಸಿ. ವಾರಾಂತ್ಯದ ರಜೆಗಳ ಲೆಕ್ಕವನ್ನೂ ನೋಡಿ.

ಎರಡನೆಯದು, ಕೂಡಿದರೆ ಕೂಡದ ಮೊತ್ತ. ಜನವರಿಯಲ್ಲಿ 300 ಗ್ರಾಹಕರು, ಫೆಬ್ರವರಿಯಲ್ಲಿ 280, ಮಾರ್ಚ್‌ನಲ್ಲಿ 310. ಕೆಳಗಿನ ಒಟ್ಟು ಸಾಲಿನಲ್ಲಿ 890 ಇರಬೇಕಿತ್ತು, 520 ಇದೆ. ಕ್ಯಾಲ್ಕುಲೇಟರ್ ಹಿಡಿದು ‘ನಿಮ್ಮ ಬಿಐಗೆ ಕೂಡುವುದೇ ಬರುವುದಿಲ್ಲ’ ಎಂದು ನನಗೆ ಫೋನ್ ಮಾಡಿದವರಿದ್ದಾರೆ. ಅದೇ ಗ್ರಾಹಕರು ಮೂರೂ ತಿಂಗಳು ಬಂದಿದ್ದರೆ ಪ್ರತಿ ತಿಂಗಳಲ್ಲೂ ಎಣಿಕೆಯಾಗುತ್ತಾರೆ, ತ್ರೈಮಾಸಿಕದಲ್ಲಿ ಒಮ್ಮೆ ಮಾತ್ರ. ಜನರನ್ನೂ ವಸ್ತುಗಳನ್ನೂ ‘ತಲಾ ಒಮ್ಮೆ ಮಾತ್ರ’ ಎಣಿಸುವ ಯಾವ ಅಳತೆಯನ್ನೂ ಸಾಲುಸಾಲಾಗಿ ಕೂಡಬಾರದು. ಶೇಕಡಾವಾರುಗಳ ಸರಾಸರಿ ತೆಗೆಯುವುದೂ ಇದೇ ಜಾತಿಯ ತಪ್ಪು.

ಸರಾಸರಿ ಎಂದ ಕೂಡಲೇ ಇನ್ನೊಂದು. ಹತ್ತು ಮನವಿಗಳಲ್ಲಿ ಒಂಬತ್ತು ತಲಾ 2 ದಿನಗಳಲ್ಲಿ ಮುಗಿದವು, ಒಂದು 42 ದಿನ ಎಳೆಯಿತು. ಸರಾಸರಿ 6 ದಿನ. ಆರು ದಿನ ಕಾದ ಮನುಷ್ಯ ಈ ಹತ್ತರಲ್ಲಿ ಒಬ್ಬನೂ ಇಲ್ಲ. ಮಧ್ಯಾಂಕ, ಅಂದರೆ ಎಲ್ಲವನ್ನೂ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ, 2 ದಿನ. ಅದು ಸಾಮಾನ್ಯ ಅನುಭವವನ್ನು ಹೇಳುತ್ತದೆ. 42 ದಿನ ಎಳೆದ ಮನವಿಯ ಕಥೆಯನ್ನು ಪ್ರತ್ಯೇಕವಾಗಿ ಕೆದಕಬೇಕು. ವರದಿಯಲ್ಲಿ ಸರಾಸರಿ ಮಾತ್ರ ಇದ್ದರೆ ಮಧ್ಯಾಂಕವನ್ನೂ ಹಾಕಿಸಿ.

ಈಗ ನನಗೆ ಅತ್ಯಂತ ಪ್ರಿಯವಾದ ಉರುಳು. ದೂರು ವಿಭಾಗದ ಒಂದು ಲೆಕ್ಕ ನೋಡಿ. ಕಳೆದ ತಿಂಗಳು 1000 ದೂರು ಬಂದವು. ಅವುಗಳಲ್ಲಿ 800 ಸರಳ, 720 ಅದೇ ದಿನ ಬಗೆಹರಿದವು, ಶೇ 90. ಉಳಿದ 200 ಜಟಿಲ, 100 ಬಗೆಹರಿದವು, ಶೇ 50. ಒಟ್ಟು ಶೇ 82. ಈ ತಿಂಗಳೂ 1000 ದೂರು. ಆದರೆ ಸರಳ 500, ಅವುಗಳಲ್ಲಿ 460 ಬಗೆಹರಿದವು, ಶೇ 92. ಜಟಿಲ 500, 275 ಬಗೆಹರಿದವು, ಶೇ 55. ಸಿಬ್ಬಂದಿ ಎರಡೂ ಬಗೆಯಲ್ಲಿ ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡಿದ್ದಾರೆ. ಒಟ್ಟು ಮಾತ್ರ ಶೇ 73.5ಕ್ಕೆ ಇಳಿದಿದೆ! ಮೇಲ್ಪುಟದ ದೊಡ್ಡ ಕೆಂಪು ಅಂಕಿಯನ್ನಷ್ಟೇ ನೋಡಿದ ಅಧಿಕಾರಿ ಆ ತಂಡವನ್ನು ಗದರಿಸಿ ಕಳುಹಿಸುತ್ತಾರೆ. ಕುಸಿದದ್ದು ಕೆಲಸದ ಗುಣಮಟ್ಟವಲ್ಲ, ಬಂದ ದೂರುಗಳ ಮಿಶ್ರಣ ಬದಲಾಗಿದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ.

ಇದನ್ನು ಹಿಡಿಯುವ ದಾರಿ ಬಿಐನಲ್ಲೇ ಇದೆ. ಕಂಬದ ಮೇಲೆ ಕ್ಲಿಕ್ ಮಾಡಿ ಒಳಗಿಳಿಯುವ ಸೌಲಭ್ಯ, ಡ್ರಿಲ್ ಡೌನ್, ಇರುವುದು ಇದಕ್ಕಾಗಿಯೇ. ಒಟ್ಟು ಏರಿದರೂ ಇಳಿದರೂ ಕನಿಷ್ಠ ಎರಡು ಬಗೆಯಾಗಿ ಒಡೆದು ನೋಡಿ: ಒಮ್ಮೆ ಜಾಗದ ಪ್ರಕಾರ, ಒಮ್ಮೆ ಬಗೆಯ ಪ್ರಕಾರ. ಚಾರ್ಟಿನ ಬದಲು ಅದರ ಹಿಂದಿನ ಕೋಷ್ಟಕವನ್ನು ತೋರಿಸುವ ಆಯ್ಕೆಯೂ ಇರುತ್ತದೆ. ಒಂದೆರಡು ಸಾಲುಗಳನ್ನು ಮೂಲ ಬಿಲ್ಲಿಗೋ ಅರ್ಜಿಗೋ ತಾಳೆ ನೋಡಿದರೆ ನಂಬಿಕೆ ಗಟ್ಟಿಯಾಗುತ್ತದೆ, ಅಥವಾ ಸಡಿಲವಾಗುತ್ತದೆ. ಎರಡೂ ಲಾಭವೇ.

ಉಳಿದವು ಚಿಕ್ಕವು. ಕಂಬಗಳ ಅಕ್ಷ ಸೊನ್ನೆಯಿಂದ ಶುರುವಾಗುತ್ತಿದೆಯೇ ನೋಡಿ. 95ರಿಂದ ಶುರುವಾದ ಅಕ್ಷದಲ್ಲಿ 96 ಮತ್ತು 98ರ ನಡುವೆ ಆಕಾಶ ಭೂಮಿಯ ಅಂತರ ಕಾಣುತ್ತದೆ. ಶೇ 4ರಿಂದ ಶೇ 5ಕ್ಕೆ ಹೋದದ್ದನ್ನು ‘ಶೇ 1 ಏರಿಕೆ’ ಎನ್ನಬೇಡಿ. ಅದು ಒಂದು ಶೇಕಡಾ ಅಂಶದ ಏರಿಕೆ, ಅನುಪಾತದಲ್ಲಿ ಹೇಳಿದರೆ ಶೇ 25. ಎಂಟು ಹತ್ತು ತುಂಡುಗಳ ಪೈ ಚಾರ್ಟ್ ಕಂಡರೆ ಕೋಷ್ಟಕಕ್ಕೆ ಬದಲಿಸಿಕೊಳ್ಳಿ, ಕಣ್ಣಿಗೆ ಆಯಾಸವಾಗುವುದಿಲ್ಲ.

ಎಕ್ಸೆಲ್‌ಗೆ ಇಳಿಸುವ ಮುನ್ನ

ಎಕ್ಸ್‌ಪೋರ್ಟ್ ಮಾಡುವುದು ಪಾಪವೇನಲ್ಲ. ಆದರೆ ಇಳಿಸಿದ ಗಳಿಗೆಯಿಂದ ಆ ಕಡತಕ್ಕೆ ರಿಫ್ರೆಶ್ ಇಲ್ಲ, ಬೇಲಿಯೂ ಇಲ್ಲ. ಮೂರು ವಾರ ಬಿಟ್ಟು ‘ಅಂತಿಮ_ಹೊಸ_2’ ಎಂಬ ಹೆಸರಿನಲ್ಲಿ ಅದು ಯಾರದೋ ಇಮೇಲ್‌ನಲ್ಲಿ ಸುತ್ತುತ್ತಿರುತ್ತದೆ.

ಅದಕ್ಕಿಂತ ಅಪಾಯ ಸದ್ದಿಲ್ಲದೆ ತುಂಡಾಗುವುದು. ಪವರ್ ಬಿಐ ವರದಿಯಿಂದ ಸಾಮಾನ್ಯವಾಗಿ ಸಿಎಸ್‌ವಿ ಎಂಬ ಸರಳ ಪಠ್ಯ ಕಡತಕ್ಕೆ 30,000 ಸಾಲು, ಎಕ್ಸೆಲ್ ಕಡತಕ್ಕೆ 1,50,000 ಸಾಲುಗಳವರೆಗೆ ಮಾತ್ರ ಇಳಿಸಬಹುದು. ಎಕ್ಸೆಲ್‌ನ ಒಂದು ಹಾಳೆಯ ಮಿತಿ 10,48,576 ಸಾಲು, ಹಳೆಯ ಎಕ್ಸ್‌ಎಲ್‌ಎಸ್ ರೂಪದಲ್ಲಿ ಬರೀ 65,536. ಈ ಮಿತಿಗೆ ತಲೆಕೊಟ್ಟವರು ಸಣ್ಣವರೇನಲ್ಲ. 2020ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಹಳೆಯ ರೂಪದ ಕಡತಗಳನ್ನು ಬಳಸಿದ್ದರಿಂದ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋಗಿದ್ದವು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟರಮಟ್ಟಿಗೆ ತಡವಾಯಿತು.

ಹಾಗಾಗಿ ಇಳಿಸಿದ ತಕ್ಷಣ ಎರಡು ಕೆಲಸ ಮಾಡಿ. ಕಡತದ ಸಾಲುಗಳನ್ನು ಎಣಿಸಿ, ಮೊತ್ತವನ್ನು ಡ್ಯಾಶ್‌ಬೋರ್ಡಿನ ಮೊತ್ತಕ್ಕೆ ತಾಳೆ ಹಾಕಿ. ಸಾಲುಗಳ ಸಂಖ್ಯೆ ಸರಿಯಾಗಿ 30,000 ಬಂದಿದ್ದರೆ ಕಡತ ಪೂರ್ತಿ ಇಳಿದಿಲ್ಲ ಎಂದೇ ತಿಳಿಯಿರಿ. ಪ್ರತಿ ಸೋಮವಾರ ಅದನ್ನೇ ಇಳಿಸಿ ಅದೇ ಪಿವೋಟ್ (ಸಾಲುಗಳನ್ನು ಗುಂಪು ಮಾಡಿ ಮೊತ್ತ ತೋರಿಸುವ ಸಾರಾಂಶ ಕೋಷ್ಟಕ) ಮಾಡುತ್ತಿದ್ದರೆ, ಆ ಪಿವೋಟನ್ನೇ ವರದಿಯಲ್ಲಿ ಒಂದು ಪುಟವಾಗಿ ಸೇರಿಸಿಕೊಡಿ ಎಂದು ಕೇಳಿ.

ಸುದ್ದಿ ನಿಮ್ಮ ಬಳಿಗೆ ಬರಲಿ

1958ರಲ್ಲಿ ಐಬಿಎಂನ ಹಾನ್ಸ್ ಪೀಟರ್ ಲೂನ್ ‘ಬಿಸಿನೆಸ್ ಇಂಟೆಲಿಜೆನ್ಸ್ ಸಿಸ್ಟಂ’ ಎಂಬ ಶೀರ್ಷಿಕೆಯಲ್ಲೇ ಒಂದು ಪ್ರಬಂಧ ಪ್ರಕಟಿಸಿದರು. ಯಾರಿಗೆ ಯಾವ ವಿಷಯ ಬೇಕೋ ಅದನ್ನು ಗುರುತಿಸಿ, ಯಂತ್ರವೇ ಅವರಿಗೆ ತಲುಪಿಸಬೇಕು ಎಂಬುದು ಅವರ ಕಲ್ಪನೆಯಾಗಿತ್ತು. ಆರು ದಶಕ ಕಳೆದರೂ ನಾವು ದಿನಾ ಬೆಳಿಗ್ಗೆ ಇಪ್ಪತ್ತು ಪುಟ ತೆರೆದು ಏನಾದರೂ ಬದಲಾಗಿದೆಯೇ ಎಂದು ಇಣುಕುತ್ತಿದ್ದೇವೆ.

ಎರಡು ಸೌಲಭ್ಯಗಳನ್ನು ಬಳಸಿಕೊಳ್ಳಿ. ಸಬ್‌ಸ್ಕ್ರಿಪ್ಷನ್ ಎಂದರೆ ನಿಗದಿತ ಹೊತ್ತಿಗೆ ವರದಿಯ ಪುಟ ಇಮೇಲ್‌ಗೆ ಬರುವುದು. ಅಲರ್ಟ್ ಎಂದರೆ ಸಂಖ್ಯೆ ನೀವು ಹೇಳಿದ ಗಡಿ ದಾಟಿದಾಗ ಮಾತ್ರ ಸೂಚನೆ ಬರುವುದು. ನನ್ನ ಮತ ಅಲರ್ಟಿಗೆ. ದಿನಾ ಬರುವ ಇಮೇಲ್ ಎರಡನೆಯ ವಾರದಿಂದ ತೆರೆಯದೆಯೇ ಅಳಿಸಿಹೋಗುತ್ತದೆ. ಗಡಿಯನ್ನು ಮಾತ್ರ ಯೋಚಿಸಿ ಇಡಿ. ಕಳೆದ ಮೂರು ತಿಂಗಳ ಏರಿಳಿತ ನೋಡಿ, ತಿಂಗಳಿಗೆ ಒಂದೆರಡು ಬಾರಿಗಿಂತ ಹೆಚ್ಚು ಕೂಗದಂತೆ ಹೊಂದಿಸಿ.

ಹಂಚುವಾಗ

ಸ್ಕ್ರೀನ್‌ಶಾಟ್ ಬದಲು ಲಿಂಕ್ ಕಳುಹಿಸಿ. ಲಿಂಕ್ ತೆರೆದವರಿಗೆ ಅವರ ಹಕ್ಕಿನಷ್ಟೇ ಕಾಣುತ್ತದೆ. ಸ್ಕ್ರೀನ್‌ಶಾಟ್ ಯಾರ ಕೈಗೆ ಬಿದ್ದರೂ ಎಲ್ಲವನ್ನೂ ತೋರಿಸುತ್ತದೆ. ಸಂಬಳ, ಆರೋಗ್ಯ, ಗ್ರಾಹಕರ ಫೋನ್ ಸಂಖ್ಯೆ ಇರುವ ಪುಟಗಳ ವಿಷಯದಲ್ಲಿ ಇದು ಕೇವಲ ಶಿಷ್ಟಾಚಾರವಲ್ಲ. ಪವರ್ ಬಿಐನಲ್ಲಿ ವರದಿಯನ್ನು ಅಂತರ್ಜಾಲಕ್ಕೆ ಪ್ರಕಟಿಸುವ ಒಂದು ಆಯ್ಕೆ ಇದೆ. ಅದನ್ನು ಒತ್ತಿದರೆ ಲಾಗಿನ್ ಇಲ್ಲದೆ ಜಗತ್ತಿನ ಯಾರು ಬೇಕಾದರೂ ನೋಡಬಹುದು. ‘ಸಹೋದ್ಯೋಗಿಗೆ ಕಳುಹಿಸುವ ಗುಂಡಿ’ ಎಂದುಕೊಂಡು ಒತ್ತಿಬಿಡಬೇಡಿ.

ಈಗೀಗ ಮಾತಿನಲ್ಲೇ ಪ್ರಶ್ನೆ ಕೇಳಿದರೆ ಚಾರ್ಟ್ ಬಿಡಿಸಿಕೊಡುವ ಎಐ ಸಹಾಯಕಗಳೂ ಬಿಐ ಒಳಗೆ ಬಂದಿವೆ. ಬಳಸಿ, ಸಮಯ ಉಳಿಯುತ್ತದೆ. ಉತ್ತರದ ಜೊತೆಗೆ ಯಾವ ಅಳತೆ, ಯಾವ ದಿನಾಂಕ, ಯಾವ ಫಿಲ್ಟರ್ ಬಳಸಿದೆ ಎಂದೂ ಕೇಳಿ. ‘ಮಾರಾಟ’ ಎಂದರೆ ಏನು ಎಂಬ ಗೊಂದಲ ಮನುಷ್ಯರಿಗಿದ್ದಷ್ಟೇ ಅದಕ್ಕೂ ಇದೆ. ಕಚೇರಿ ಒಪ್ಪದ ಹೊರಗಿನ ಚಾಟ್‌ಬಾಟ್‌ಗೆ ಕೋಷ್ಟಕವನ್ನು ಅಂಟಿಸಬೇಡಿ.

ಸಂಖ್ಯೆ ತಪ್ಪೆನಿಸಿದರೆ

‘ಡ್ಯಾಶ್‌ಬೋರ್ಡ್ ಸರಿಯಿಲ್ಲ, ನೋಡಿ’ ಎಂಬ ಒಂದು ಸಾಲಿನ ಸಂದೇಶ ದತ್ತಾಂಶ ತಂಡದವರ ಅರ್ಧ ದಿನವನ್ನು ತಿನ್ನುತ್ತದೆ. ನಾನು ಆ ತಂಡದಲ್ಲಿದ್ದಾಗ ಕೆಳಗಿನಂಥ ಸಂದೇಶ ಬಂದರೆ ಉಳಿದದ್ದನ್ನೆಲ್ಲ ಬದಿಗಿಟ್ಟು ಅದನ್ನೇ ಮೊದಲು ನೋಡುತ್ತಿದ್ದೆ:

‘ನಮಸ್ಕಾರ. ದಾಸ್ತಾನು ವರದಿಯ ಎರಡನೆಯ ಪುಟ. ಫಿಲ್ಟರ್: ಪಶ್ಚಿಮ ಉಗ್ರಾಣ, ಮಾರ್ಚ್. ರಿಫ್ರೆಶ್ ಆದದ್ದು ಇಂದು ಬೆಳಿಗ್ಗೆ 6ಕ್ಕೆ. ವರದಿಯಲ್ಲಿ ಉಳಿದ ಸರಕು 412, ಉಗ್ರಾಣದ ತಂತ್ರಾಂಶದಲ್ಲಿ 398. ವ್ಯತ್ಯಾಸದ 14 ಮಾರ್ಚ್ 30ರಂದು ಬೇರೆ ಉಗ್ರಾಣಕ್ಕೆ ಹೋದ ಸರಕಿರಬಹುದು ಎಂದು ನನ್ನ ಊಹೆ. ಆ ವರ್ಗಾವಣೆ ಚೀಟಿಯನ್ನು ಲಗತ್ತಿಸಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ತಿಳಿದರೆ ಖರೀದಿ ಆದೇಶಕ್ಕೆ ಸಹಾಯವಾಗುತ್ತದೆ.’

ಹತ್ತರಲ್ಲಿ ಕೆಲವು ಬಾರಿ ತಪ್ಪು ವರದಿಯದ್ದಾಗಿರುವುದಿಲ್ಲ, ಮೂಲ ತಂತ್ರಾಂಶದಲ್ಲಿ ನಾವೇ ತಪ್ಪಾಗಿ ತುಂಬಿರುತ್ತೇವೆ. ಅದನ್ನು ಅಲ್ಲೇ ತಿದ್ದಬೇಕು. ಇಳಿಸಿಕೊಂಡ ಎಕ್ಸೆಲ್‌ನಲ್ಲಿ ತಿದ್ದಿದರೆ ಮುಂದಿನ ತಿಂಗಳು ಅದೇ ತಪ್ಪು ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ.

ಬಳಸದ ವರದಿಗೆ ವಿದಾಯ

ವರ್ಷಕ್ಕೆರಡು ಬಾರಿ ನಿಮ್ಮ ಸಬ್‌ಸ್ಕ್ರಿಪ್ಷನ್ ಪಟ್ಟಿ ತೆರೆದು, ಮೂರು ತಿಂಗಳಿಂದ ಓದದಿರುವುದನ್ನು ತೆಗೆದುಹಾಕಿ. ತೆಗೆದದ್ದನ್ನು ವರದಿ ಮಾಡಿದವರಿಗೂ ತಿಳಿಸಿ. ಅವರು ಅದನ್ನು ಪ್ರತಿ ರಾತ್ರಿ ಜೀವಂತ ಇಡಲು ಒದ್ದಾಡುತ್ತಿರಬಹುದು.

ನಾನೊಮ್ಮೆ ನಲವತ್ತು ಜನರಿಗೆ ಹೋಗುತ್ತಿದ್ದ ವಾರದ ವರದಿಯನ್ನು ಯಾರಿಗೂ ಹೇಳದೆ ನಿಲ್ಲಿಸಿ ನೋಡಿದೆ. ಮೂರು ವಾರ ಯಾರೂ ಕೇಳಲಿಲ್ಲ. ನಾಲ್ಕನೆಯ ವಾರ ಒಬ್ಬರ ಫೋನ್ ಬಂತು. ಹದಿನಾಲ್ಕು ಪುಟಗಳಲ್ಲಿ ಅವರಿಗೆ ಬೇಕಿದ್ದದ್ದು ಒಂಬತ್ತನೆಯ ಪುಟದ ಒಂದು ಸಾಲು. ಆ ಸಾಲಿಗೆ ಅಲರ್ಟ್ ಹಾಕಿಕೊಟ್ಟೆ.